ನನಗೆ ಯಾವ ಕೆಲಸ ಒಗ್ಗುತ್ತದೆ ಅಂತ ತಿಳಿಯುವುದು ಹೇಗೆ?

ಬಿ.ಕಾಂ. ಮುಗಿಸಿ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದೀರಿ. ಕೆಲಸ ಬರುತ್ತದೆ, ಆದರೆ ನಿಮ್ಮಲ್ಲಿ ಅಂಥ ವಿಶೇಷ ಏನಿದೆ, ಮುಂದೆ ಯಾವ ಕಡೆ ಹೋಗಬೇಕು ಅಂತ ತೋಚುತ್ತಿಲ್ಲ ಎಂದಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು, ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ.

ಒಬ್ಬರೇ ಕೂತು ಯೋಚಿಸಿದರೆ ಇದು ಹೊಳೆಯುವುದು ಕಷ್ಟ. ಸಲೀಸಾಗಿ ಬರುವ ಕೆಲಸ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. "ಇದರಲ್ಲೇನಿದೆ, ಎಲ್ಲರಿಗೂ ಬರುತ್ತಲ್ಲ" ಅಂತ ಬಿಟ್ಟುಬಿಡುತ್ತೇವೆ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನಾನು ದಾವಣಗೆರೆಯಲ್ಲಿ ಒಂದು ಆಡಿಟರ್ ಆಫೀಸಿನಲ್ಲಿದ್ದೆ. ಅಂಗಡಿಯವರಿಗೆಲ್ಲ ಗಾಬರಿ. ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರು ಬಿಲ್ಲಿನ ಕಟ್ಟು ಹಿಡಿದು ಸೀದಾ ನನ್ನ ಟೇಬಲ್ಲಿಗೇ ಬರುತ್ತಿದ್ದರು. ಅವರದೇ ಒಂದು ಖರೀದಿ ಬಿಲ್ಲು, ಒಂದು ಮಾರಾಟದ ಬಿಲ್ಲು ಪಕ್ಕಪಕ್ಕ ಇಡುತ್ತಿದ್ದೆ. "ನೀವು ಮಾಲು ತರುವಾಗ ಕೊಟ್ಟ ತೆರಿಗೆ 1,800. ಗಿರಾಕಿಯಿಂದ ತೊಗೊಂಡಿದ್ದು 2,160. ಈಗ ಕಟ್ಟಬೇಕಾದ್ದು 360 ಅಷ್ಟೇ" ಅಂತ ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಿದ್ದೆ. ಮುಂದಿನ ಸಲ ಪಕ್ಕದ ಅಂಗಡಿಯವರನ್ನೂ ಕರೆದುಕೊಂಡು ಬಂದರು. ಆಗ ನಮ್ಮ ಸೀನಿಯರ್ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ: "ರಿಟರ್ನ್ ಹಾಕೋದು ನೀನೂ ಎಲ್ಲರ ಹಾಗೇ. ಆದ್ರೆ ನೀನು ಹೇಳಿದ್ದು ಅವರಿಗೆ ಅರ್ಥ ಆಗುತ್ತೆ ನೋಡು, ಅದು ಇಲ್ಲಿ ಬೇರೆ ಯಾರಿಗೂ ಬರಲ್ಲ." ಈಗ ನಾನು ಟ್ಯಾಲಿ, ಜಿಎಸ್‌ಟಿ ಕಲಿಸುವ ಮೇಷ್ಟ್ರು. ಆ ಮಾತು ಕಿವಿಗೆ ಬೀಳದಿದ್ದರೆ ಈ ಕಡೆ ಬರುವ ಯೋಚನೆಯೇ ಬರುತ್ತಿರಲಿಲ್ಲ.

ನೀವೂ ಕೇಳಿ. ಆದರೆ "ನನ್ನಲ್ಲಿ ಏನು ಚೆನ್ನಾಗಿದೆ?" ಅಂತ ಕೇಳಬೇಡಿ. "ಒಳ್ಳೆಯವರು, ಕಷ್ಟಪಟ್ಟು ದುಡಿತೀರಿ" ಅಂತ ಸುಮ್ನೆ ಹೇಳಿ ಮುಗಿಸುತ್ತಾರೆ. "ನನ್ನಿಂದ ನಿಮ್ಮ ಕೆಲಸ ಹಗುರ ಆದದ್ದು ಯಾವಾಗ, ಆಗ ನಾನು ಏನು ಮಾಡಿದ್ದೆ?" ಅಂತ ಕೇಳಿ. ಹಳೇ ಬಾಸ್, ಈಗಿನ ಸಹೋದ್ಯೋಗಿ, ಕಾಲೇಜಿನ ಗೆಳೆಯ, ಹೀಗೆ ಪರಸ್ಪರ ಪರಿಚಯ ಇಲ್ಲದವರು ಒಂದೇ ಥರದ ಪ್ರಸಂಗ ಹೇಳಿದರೆ ಅದನ್ನು ನಂಬಬಹುದು. ಮನೆಯವರನ್ನು ಕೊನೆಗೆ ಕೇಳಿ. ಅವರ ಮಾತಿನಲ್ಲಿ ಪ್ರೀತಿ ಎಷ್ಟಿರುತ್ತದೋ ಭಯವೂ ಅಷ್ಟೇ ಇರುತ್ತದೆ.

ಬೇರೆಯವರು ಹೇಳಿದ್ದೆಲ್ಲ ನಿಜವೇ ಆಗಬೇಕಿಲ್ಲ ಅಲ್ವಾ? ಅದಕ್ಕೆ ಪೀಟರ್ ಡ್ರಕರ್ ಹೇಳಿದ ಒಂದು ಉಪಾಯವಿದೆ. ಮ್ಯಾನೇಜ್‌ಮೆಂಟ್ ಬಗ್ಗೆ ಬಹಳ ಬರೆದವರು ಅವರು. ಏನಾದರೂ ಮುಖ್ಯ ನಿರ್ಧಾರ ಮಾಡಿದಾಗ ಅದರಿಂದ ಏನಾಗಬಹುದು ಅಂತ ಬರೆದಿಡಬೇಕು. 9 ಅಥವಾ 12 ತಿಂಗಳ ಮೇಲೆ ನಿಜಕ್ಕೂ ಏನಾಯಿತು ಅಂತ ಅದರ ಜೊತೆ ಹೋಲಿಸಬೇಕು. ಎಂಜಿನಿಯರು, ಅಕೌಂಟೆಂಟುಗಳಂಥವರು ತನಗೆ ಚೆನ್ನಾಗಿ ಅರ್ಥವಾಗುತ್ತಾರೆ ಅಂತ ಡ್ರಕರ್ ಕಂಡುಕೊಂಡದ್ದು ಹೀಗೆ. ನೆನಪು ನಮಗೆ ಬೇಕಾದ ಹಾಗೆ ತಿರುಗುತ್ತದೆ, ಆದ್ದರಿಂದ ದಿನಾಂಕ ಹಾಕಿ ಬರೆಯುವುದು ಮುಖ್ಯ.

ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಲೆಕ್ಕ ತಾಳೆ ಆಗದಿದ್ದಾಗ ಎಲ್ಲರೂ ಶೀಟ್ ಹಿಡಿದು ನಿಮ್ಮ ಹತ್ತಿರವೇ ಬರುತ್ತಾರೆ, ನಿಮ್ಮ ಕೆಲಸ ಹಿಂದೆ ಬೀಳುತ್ತದೆ ಎಂದು ಬೇಸರದಿಂದ ಬರೆದಿದ್ದೀರಿ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಹಾಗೆ ಬಂದವರನ್ನೇ ಕೇಳಿ, ಬೇರೆ ಯಾರ ಹತ್ತಿರವೂ ಹೋಗದೆ ನನ್ನ ಹತ್ತಿರ ಯಾಕೆ ಬಂದಿರಿ ಅಂತ. ತಪ್ಪು ಹುಡುಕುವ ಕಣ್ಣು ನಿಮಗಿದೆ ಅಂತ ಅವರು ಹೇಳಿದರೆ ಇಂಟರ್ನಲ್ ಆಡಿಟ್, ಅಂದರೆ ಸಂಸ್ಥೆಯ ಒಳಗೇ ಲೆಕ್ಕಪತ್ರ, ವ್ಯವಹಾರ ತಪಾಸಣೆ ಮಾಡುವ ಕೆಲಸದ ಕಡೆ ನೋಡಿ. ಈಗಿನ ಕೆಲಸ ಬಿಡುವ ಮೊದಲು ಅಂಥದ್ದೊಂದು ಜವಾಬ್ದಾರಿ ನಿಮ್ಮ ಆಫೀಸಿನಲ್ಲೇ ಸಿಗುತ್ತದಾ ಅಂತ ಮ್ಯಾನೇಜರ್ ಹತ್ತಿರ ಮಾತಾಡಿ.