ಹಳೇ ಪಿನ್‌ಬಾಲ್ ಮಷಿನ್‌ಗೆ ಎಷ್ಟು ಕೇಳ್ಬಹುದು?

ಪ್ರಶ್ನೆ: ನಾವು ಶಿಕಾಗೊ ಹತ್ರ ಶಾಂಬರ್ಗ್‌ನಲ್ಲಿ ಇದೀವಿ ಸರ್. 1976ರ ಬ್ಯಾಲಿ ಕಂಪನಿಯ ಕ್ಯಾಪ್ಟನ್ ಫೆಂಟಾಸ್ಟಿಕ್ ಅನ್ನೋ ಪಿನ್‌ಬಾಲ್ ಮಷಿನ್ (ಸ್ಟೀಲ್ ಗುಂಡು ಹೊಡೆದು ಸ್ಕೋರ್ ಮಾಡೋ ಆಟದ ಮಷಿನ್) ಕೆಟ್ಟು ನಿಂತಿದ್ದನ್ನ 700 ಡಾಲರ್‌ಗೆ ತಗೊಂಡು, ರಿಲೇ ಸ್ವಿಚ್ ಎಲ್ಲ ಕ್ಲೀನ್ ಮಾಡಿ, ಗುಂಡು ಹೊಡೆಯೋ ಫ್ಲಿಪ್ಪರ್ ಬಿಚ್ಚಿ ಜೋಡಿಸಿ, ಕ್ಯಾಬಿನೆಟ್‌ಗೆ ಹೊಸ ಪೇಂಟ್ ಹೊಡೆದಿದೀನಿ. ಬರೀ ಪಾರ್ಟ್ಸ್‌ಗೇ 1,500 ಆಯ್ತು. ಮುಂದಿನ ವರ್ಷ ಮೈಸೂರಿಗೆ ವಾಪಸ್. ನನ್ನ ಶ್ರಮನೂ ಸೇರಿಸಿ 4,500 ಕೇಳ್ಬಹುದಾ, ಇಲ್ಲಾ ಊರಿಗೇ ತಂದು ಮಾರೋದಾ?

ಉತ್ತರ: ಮೊದಲು ಆ 1,500 ಮತ್ತೆ ನಿಮ್ಮ ಶ್ರಮದ ಲೆಕ್ಕ ಪಕ್ಕಕ್ಕಿಡಿ. ತಗೊಳ್ಳೋರು ನೀವು ಎಷ್ಟು ರಾತ್ರಿ ನಿದ್ದೆಗೆಟ್ರಿ ಅಂತ ನೋಡಲ್ಲ, ಇದೇ ಮಷಿನ್ ಇದೇ ಕಂಡೀಷನ್‌ನಲ್ಲಿ ಬೇರೆ ಕಡೆ ಎಷ್ಟಕ್ಕೆ ಸಿಗುತ್ತೆ ಅಂತ ನೋಡ್ತಾರೆ, ಅಷ್ಟೇ. ಅದಕ್ಕೆ ಜಾಹೀರಾತಲ್ಲಿ ಕೇಳಿರೋ ರೇಟ್ ಬಿಟ್ಟು ನಿಜವಾಗ್ಲೂ ಮಾರಾಟ ಆಗಿರೋ ರೇಟ್ ಐದಾರು ಹುಡುಕಿ, ತೀರಾ ಜಾಸ್ತಿದು ತೀರಾ ಕಮ್ಮಿದು ತೆಗೆದುಹಾಕಿ, ಉಳಿದಿದ್ದರಲ್ಲಿ ನಿಮ್ಮದು ಎಲ್ಲಿ ನಿಲ್ಲುತ್ತೆ ನೋಡಿ. ಒಂದು ಎಚ್ಚರಿಕೆ, ಇದೇ ಹೆಸರಲ್ಲಿ ಬ್ಯಾಲಿ ಮನೆಗಳಿಗೆ ಅಂತ ಚಿಕ್ಕ ಮಾಡೆಲ್ ಕೂಡ ಮಾಡಿತ್ತು, ಅದರ ರೇಟ್ ತುಂಬಾ ಕಮ್ಮಿ. ಅದರಲ್ಲಿ ಸ್ಕೋರ್ ಡಿಜಿಟಲ್ ಆಗಿ ಬರುತ್ತೆ, ನಿಮ್ಮದರಲ್ಲಿ ಅಂಕಿ ಬರೆದಿರೋ ತಿರುಗೋ ರೀಲ್ ಇರ್ಬೇಕು. ಎರಡನ್ನೂ ಬೆರೆಸಿ ಲೆಕ್ಕ ಹಾಕ್ಬೇಡಿ.

ಇದು ಅಪರೂಪದ ಮಷಿನ್ ಅಲ್ಲ, 16,155 ಮಾಡಿದಾರೆ. ಅದೇ ಬ್ಯಾಲಿಯ 1972ರ ಫೈರ್‌ಬಾಲ್ 3,815 ಮಾತ್ರ. ಆದ್ರೂ ಕ್ಯಾಪ್ಟನ್ ಫೆಂಟಾಸ್ಟಿಕ್‌ಗೆ ಒಳ್ಳೆ ಬೇಡಿಕೆ ಇದೆ, ಯಾಕಂದ್ರೆ ಬ್ಯಾಕ್‌ಗ್ಲಾಸ್ (ಮಷಿನ್ ಹಿಂದೆ ಎತ್ತರಕ್ಕೆ ನಿಲ್ಲೋ ಚಿತ್ರದ ಗಾಜು) ಮೇಲೆ ಡೇವ್ ಕ್ರಿಸ್ಟೆನ್ಸನ್ ಬರೆದಿರೋ ಪಾಪ್ ಗಾಯಕ ಎಲ್ಟನ್ ಜಾನ್ ಚಿತ್ರ ಇದೆ, ಪಿನ್‌ಬಾಲ್ ಗೊತ್ತಿಲ್ಲದ ಸಂಗೀತದ ಅಭಿಮಾನಿಗಳೂ ಹುಡುಕಿಕೊಂಡು ಬರ್ತಾರೆ.

ಹಾಗಾಗಿ ನಿಮ್ಮ ಬೆಲೆ ನಿಂತಿರೋದೇ ಆ ಗ್ಲಾಸ್ ಮೇಲೆ, ಆಮೇಲೆ ಪ್ಲೇಫೀಲ್ಡ್, ಅಂದ್ರೆ ಗುಂಡು ಓಡಾಡೋ ಮರದ ಹಲಗೆ ಮೇಲೆ, ಈ ಎರಡರ ಬಗ್ಗೆ ನೀವು ಒಂದಕ್ಷರನೂ ಬರೆದಿಲ್ಲ. ಪೇಂಟ್ ಇರೋದು ಗ್ಲಾಸಿನ ಹಿಂಭಾಗದಲ್ಲಿ, ಒಳಗಿನ ಬಲ್ಬುಗಳ ಶಾಖಕ್ಕೆ ವರ್ಷ ಕಳೆದಂಗೆ ಚಕ್ಕೆ ಚಕ್ಕೆಯಾಗಿ ಉದುರುತ್ತೆ, ದಯವಿಟ್ಟು ಆ ಕಡೆ ಒದ್ದೆ ಬಟ್ಟೆ ತಾಗಿಸ್ಬೇಡಿ. ಒರಿಜಿನಲ್ ಗ್ಲಾಸ್ ಉದುರದೇ ಹೊಳೀತಾ ಇದ್ರೆ ಅದೊಂದಕ್ಕೇ ರೇಟ್ ಮೇಲೆ ಹೋಗುತ್ತೆ. ಪ್ಲೇಫೀಲ್ಡ್‌ನಲ್ಲಿ ಗುಂಡನ್ನ ಒದೆಯೋ ಬಂಪರ್ ಸುತ್ತ ಬಣ್ಣ ಸವೆದು ಮರ ಕಾಣ್ತಿದ್ಯಾ, ದೀಪದ ಮೇಲಿನ ಪ್ಲಾಸ್ಟಿಕ್ ಬಿಲ್ಲೆಗಳು ಕುಸಿದಿದಾವಾ ನೋಡಿ. ಬಣ್ಣ ತುಂಬಿ ಕ್ಲಿಯರ್ ಕೋಟ್ ಹೊಡೆದಿದ್ರೆ ಅದನ್ನ ಮುಚ್ಚಿಡದೆ ಹೇಳ್ಬಿಡಿ, ಗೊತ್ತಿರೋರು ಟಾರ್ಚ್ ಹಾಕಿ ನೋಡಿದ್ರೆ ಸಿಕ್ಕಿಬೀಳುತ್ತೆ, ಆಮೇಲೆ ನೀವು ಹೇಳಿದ ಬೇರೆ ಮಾತೂ ನಂಬಲ್ಲ. ಕ್ಯಾಬಿನೆಟ್ ಪೇಂಟ್ ಮೊದಲಿನ ಬಣ್ಣದಲ್ಲೇ, ಸ್ಟೆನ್ಸಿಲ್ ಇಟ್ಟು ಹೊಡೆದಿದ್ರೆ ಸರಿ, ಸುಮ್ನೆ ಕಪ್ಪು ಬಳಿದಿದ್ರೆ ಬೆಲೆ ಇಳಿಯುತ್ತೆ, ಹಳೇ ಮಾಸಿದ ಪೇಂಟೇ ಎಷ್ಟೋ ಮೇಲು ಅನ್ನೋರಿದಾರೆ, ನಾನೂ ಅದನ್ನೇ ಹೇಳೋನು.

ಒಳಗಿನ ಕೆಲಸಕ್ಕೆ ಬೆಲೆ ಇಲ್ಲ ಅಂತಲ್ಲ. ನಾಲ್ಕು ಪ್ಲೇಯರ್ ಆಟ ಪೂರ್ತಿ ಆಡೋ ವಿಡಿಯೋ ಮಾಡಿ, ಎಲ್ಲಾ ರೀಲ್ ಸೊನ್ನೆಗೆ ಬರೋದು ಕಾಣ್ಬೇಕು. ರಿಪೇರಿ ಫೋಟೋ, ಬಿಲ್, ವೈರಿಂಗ್ ಡಯಾಗ್ರಾಮ್ ಜೊತೆಗಿಡಿ. ತಗೊಳ್ಳೋರ ಭಯ ಹೋದ್ರೆ ಚೌಕಾಸಿ ಕಮ್ಮಿ.

4,500 ನನಗೆ ಜಾಸ್ತಿ ಅನ್ಸುತ್ತೆ. ಗ್ಲಾಸ್, ಪ್ಲೇಫೀಲ್ಡ್ ಎರಡೂ ಅಪ್ಪಟವಾಗಿದ್ರೂ ಅಷ್ಟು ಕೊಡೋ ಒಬ್ಬರಿಗೆ ತಿಂಗಳುಗಟ್ಟಲೆ ಕಾಯ್ಬೇಕಾಗುತ್ತೆ, ಹಾಕಿದ 2,200 ವಾಪಸ್ ಬಂದು ಸ್ವಲ್ಪ ಉಳಿದ್ರೆ ಸಂತೋಷವಾಗಿ ಕೊಟ್ಬಿಡಿ. ಹೊರಡೋ ತಿಂಗಳವರೆಗೆ ಕಾಯ್ಬೇಡಿ, ನಿಮಗೆ ಅರ್ಜೆಂಟ್ ಅಂತ ಗೊತ್ತಾದ್ರೆ ಅರ್ಧಕ್ಕೆ ಕೇಳ್ತಾರೆ. ನೀವಿರೋ ಊರೂ ಅನುಕೂಲವೇ, ಪಿನ್‌ಬಾಲ್ ಮಾಡ್ತಿದ್ದ ಬ್ಯಾಲಿ, ವಿಲಿಯಮ್ಸ್, ಗಾಟ್ಲೀಬ್ ಕಂಪನಿಗಳೆಲ್ಲಾ ಶಿಕಾಗೊದವೇ, ಹಾಗಾಗಿ ನೂರು ಕೆಜಿ ಮೀರಿದ ಈ ಭಾರಾನ ಬಂದು ಹೊತ್ಕೊಂಡು ಹೋಗೋರು ಅಲ್ಲೇ ಸಿಗ್ತಾರೆ.

ಮಾರೋದಕ್ಕೆ ಅಂತ ಮೈಸೂರಿಗೆ ಖಂಡಿತ ತರ್ಬೇಡಿ. ಹಡಗಿನ ಖರ್ಚು, ಕಸ್ಟಮ್ಸ್ ಎಲ್ಲ ಸೇರಿಸಿ ಕೊಡೋ ಗಿರಾಕಿ ಇಲ್ಲಿ ಸಿಗೋದು ಬಹಳ ಕಷ್ಟ. ಮನೇಲಿ ಇಟ್ಕೊಂಡು ಮಕ್ಕಳ ಜೊತೆ ಆಡೋದಕ್ಕಾದ್ರೆ ಮಾತ್ರ ತನ್ನಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಿದ್ರೆ ಸುಟ್ಟೇಹೋಗುತ್ತೆ. ರಬ್ಬರ್ ರಿಂಗ್, ಬಲ್ಬ್, ಫ್ಯೂಸ್, ಒಂದೆರಡು ಫ್ಲಿಪ್ಪರ್ ಕಾಯಿಲ್ ಅಲ್ಲಿಂದಲೇ ಕಟ್ಕೊಂಡು ಬನ್ನಿ.