ಸೀಟು ಜಾರುತ್ತಿದೆ, ಫ್ರೇಮೇ ಹೋಯಿತಾ?

ಪ್ರಶ್ನೆ: ನನ್ನ ಹಳೇ ಉಕ್ಕಿನ ಸೈಕಲ್‌ನಲ್ಲಿ ಸೀಟ್ ಪೋಸ್ಟ್ (ಸೀಟು ಹೊತ್ತ ಕಂಬಿ) ಬಿಗಿಮಾಡುವ ಬೋಲ್ಟ್ ತೂರುವ ಕಿವಿ ಒಂದು ಕಡೆ ಸೀಳಿದೆ. ಕಿವಿಗಳು ಫ್ರೇಮಿಗೇ ಬೆಸೆದಿವೆ. ಎಷ್ಟು ತಿರುಗಿಸಿದರೂ ಸೀಟು ಕೆಳಗಿಳಿಯುತ್ತದೆ. ಏನು ಮಾಡಲಿ ಸಾರ್?

ಉತ್ತರ: ಅಷ್ಟು ಬೇಗ ಗುಜರಿಗೆ ಹಾಕಬೇಡಿ. ಪೋಸ್ಟ್ ಹೊರಗೆಳೆದು, ಬಟ್ಟೆಯಿಂದ ಒರೆಸಿ, ಬಿರುಕು ಎಲ್ಲಿಗೆ ನಿಂತಿದೆ ನೋಡಿ. ಪೋಸ್ಟ್ ಕೂರುವ ಫ್ರೇಮಿನ ಕೊಳವೆಗೂ ಇಳಿದಿದ್ದರೆ ಸವಾರಿ ನಿಲ್ಲಿಸಿ, ಫ್ರೇಮ್ ಕೆಲಸ ಗೊತ್ತಿರುವ ವೆಲ್ಡರ್‌ಗೆ ತೋರಿಸಿ.

ಕಿವಿಯಲ್ಲಷ್ಟೇ ಇದ್ದರೆ ಬಚಾವ್. ಎರಡೂ ಕಿವಿಗಳನ್ನು ಗರಗಸದಿಂದ ಕೊಯ್ದು, ಅರದಿಂದ ಉಜ್ಜಿ, ಹೊರಗಿನಿಂದ ಬೇರೆ ಕ್ಲ್ಯಾಂಪ್ (ಕೊಳವೆಯನ್ನು ಸುತ್ತಿ ಬಿಗಿಯುವ ಬಳೆ) ಹಾಕಬಹುದು. ನಿಧಾನವಾಗಿ ಉಜ್ಜಿ, ಕೊಳವೆಯ ಗೋಡೆ ತೆಳು. ಕ್ಲ್ಯಾಂಪಿಗೆ ಬೇಕಾದ ಅಳತೆ ಕೊಳವೆಯ ಹೊರಸುತ್ತಿನ ವ್ಯಾಸ. 28.6, 31.8, 34.9 ಮಿ.ಮೀ. ಸಾಮಾನ್ಯ. ಪೋಸ್ಟ್ ಮೇಲಿದ್ದ ಅದರದೇ ವ್ಯಾಸ 27.2 ನೋಡಿ ಕ್ಲ್ಯಾಂಪ್ ಹುಡುಕಲು ಹೊರಟು ಪೆಚ್ಚಾದವನು ನಾನೇ!

ಅಂದಹಾಗೆ, ಕಿವಿ ಸುಮ್ನೆ ಮುರಿಯಲ್ಲ. ಎರಡೂ ಕಿವಿ ಒಂದಕ್ಕೊಂದು ತಾಗುವಷ್ಟು ಬಿಗಿಮಾಡಿದ್ರಿ ಅಲ್ವಾ? ಹಾಗಾದರೆ ನಿಮ್ಮ ಪೋಸ್ಟೇ ಸಣ್ಣದಿರಬೇಕು. ಪೋಸ್ಟುಗಳು 0.2 ಮಿ.ಮೀ. ಅಂತರದಲ್ಲಿ ಬರುತ್ತವೆ. ಆ ಕೂದಲೆಳೆಯೇ ಇಷ್ಟೆಲ್ಲ ಕಾಟ ಕೊಡುತ್ತದೆ. ಕೊಳವೆಯ ಒಳಗಿನ ವ್ಯಾಸ ಅಳೆಸಿ, ಸರಿಯಾದ ಪೋಸ್ಟ್ ಹಾಕಿ. ಇಲ್ಲದಿದ್ದರೆ ಹೊಸ ಕ್ಲ್ಯಾಂಪೂ ಸೋಲುತ್ತದೆ.

ಜೋಡಿಸುವಾಗ ಪೋಸ್ಟಿಗೆ ತೆಳುವಾಗಿ ಗ್ರೀಸ್ ಸವರಿ. ಕ್ಲ್ಯಾಂಪ್ ಮೇಲೆ ಬರೆದಿರುವ ಬಿಗಿತ ಮೀರಬೇಡಿ. ಪೋಸ್ಟ್ ಮೇಲಿನ ಕನಿಷ್ಠ ಆಳದ ಗೆರೆ ಕೊಳವೆಯೊಳಗೇ ಇರಲಿ.