ತೆರಿಗೆಗಿಲ್ಲದ ಭತ್ತ ಲೆಕ್ಕಕ್ಕುಂಟು

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕ. 2025-26ರಲ್ಲಿ ನನ್ನ ಒಟ್ಟು ವೇತನ 13,50,000 ರೂಪಾಯಿ, ಬ್ಯಾಂಕ್ ಠೇವಣಿಯ ಬಡ್ಡಿ 25,000 ರೂಪಾಯಿ. ಎಡದಂಡೆ ಕಾಲುವೆಯ ಗದ್ದೆಯಿಂದ ಖರ್ಚು ಕಳೆದು 2 ಲಕ್ಷ ರೂಪಾಯಿ ಉಳಿದಿದೆ. ಆದಾಯ 12 ಲಕ್ಷ ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ 15ರಂತೆ ತೆರಿಗೆ ಬೀಳುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಇದು ನಿಜವೇ? ಭತ್ತದ ಆದಾಯವನ್ನೂ ತೋರಿಸಬೇಕೇ?
– ಓದುಗರು, ಗಂಗಾವತಿ

ಉತ್ತರ: ನಿಮ್ಮ ಸಹೋದ್ಯೋಗಿಗಳ ಮಾತು ಸರಿಯಲ್ಲ. ಪ್ರತಿ ಹಂತದ ದರವು ಆ ಹಂತದೊಳಗೆ ಬರುವ ಮೊತ್ತಕ್ಕೆ ಮಾತ್ರ ಅನ್ವಯಿಸುತ್ತದೆ. ವೇತನ, ಬಡ್ಡಿ ಸೇರಿ 13,75,000 ರೂಪಾಯಿಯಲ್ಲಿ ವೇತನದಾರರಿಗೆ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ನಿಮ್ಮ ತೆರಿಗೆಯೋಗ್ಯ ಆದಾಯ 13 ಲಕ್ಷ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. 8 ಲಕ್ಷದವರೆಗಿನ ಮುಂದಿನ ಭಾಗಕ್ಕೆ ಶೇ 5ರಂತೆ 20,000, ಅಲ್ಲಿಂದ 12 ಲಕ್ಷದವರೆಗೆ ಶೇ 10ರಂತೆ 40,000, ಉಳಿದ 1 ಲಕ್ಷಕ್ಕೆ ಶೇ 15ರಂತೆ 15,000. ಒಟ್ಟು 75,000 ರೂಪಾಯಿ.

ಅವರ ಭಯಕ್ಕೆ ಕಾರಣವೊಂದು ಇದೆ. ತೆರಿಗೆಯೋಗ್ಯ ಆದಾಯ 12 ಲಕ್ಷದೊಳಗಿದ್ದರೆ 60,000 ರೂಪಾಯಿವರೆಗಿನ ತೆರಿಗೆಯನ್ನು ರಿಯಾಯಿತಿಯಾಗಿ ಪೂರ್ತಿ ಬಿಡುತ್ತಾರೆ, ಮಿತಿ ದಾಟಿದರೆ ಆ ರಿಯಾಯಿತಿ ತಪ್ಪುತ್ತದೆ. ಆದರೆ ಬೇರೆ ಆದಾಯವಿಲ್ಲದವರ ತೆರಿಗೆಯೋಗ್ಯ ಆದಾಯ 12,10,000 ಆಗಿದ್ದರೆ, ಹಂತವಾರು ಲೆಕ್ಕದ 61,500ರ ಬದಲು, ಮಿತಿ ಮೀರಿದ 10,000 ರೂಪಾಯಿಯನ್ನೂ ಅದರ ಮೇಲಿನ ಸೆಸ್ (ಉಪಕರ) ಅನ್ನೂ ಕಟ್ಟಿದರೆ ಸಾಕು. ನಿಮ್ಮ ಆದಾಯ ಈ ಆಸರೆಯ ವ್ಯಾಪ್ತಿಯನ್ನೂ ದಾಟಿದೆ. ಹಳೆಯ ಪದ್ಧತಿಯ ಯೋಚನೆ ಬೇಡ. ಉಳಿತಾಯ, ವಿಮೆಗಳಿಗೆ ವಿನಾಯಿತಿ ಕೊಡುವ 80ಸಿ ಅಡಿ ಒಂದೂವರೆ ಲಕ್ಷ ಕಳೆದರೂ ಅಲ್ಲಿ ತೆರಿಗೆ ಮೇಲಿನ 75,000 ರೂಪಾಯಿಯ ಎರಡು ಪಟ್ಟು ದಾಟುತ್ತದೆ.

ಇನ್ನು ಭತ್ತದ ವಿಷಯ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆಯಿಲ್ಲ ಎಂಬುದು ನಮ್ಮ ಭಾಗದ ನೌಕರರಿಗೆಲ್ಲ ಗೊತ್ತು. ಅದು 5,000 ರೂಪಾಯಿ ಮೀರಿ, ಇತರ ಆದಾಯವೂ ತೆರಿಗೆರಹಿತ ಮಿತಿ ದಾಟಿದ್ದರೆ ದರ ನಿರ್ಧಾರಕ್ಕಾಗಿ ಲೆಕ್ಕದೊಳಗೆ ಬರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ನಿಮ್ಮ 13 ಲಕ್ಷಕ್ಕೆ ಭತ್ತದ 2 ಲಕ್ಷ ಸೇರಿಸಿ 15 ಲಕ್ಷಕ್ಕೆ ತೆರಿಗೆ ಹಾಕಿದರೆ 1,05,000 ರೂಪಾಯಿ. ತೆರಿಗೆರಹಿತ 4 ಲಕ್ಷಕ್ಕೆ ಅದೇ 2 ಲಕ್ಷ ಸೇರಿಸಿ 6 ಲಕ್ಷಕ್ಕೆ ಹಾಕಿದರೆ 10,000 ರೂಪಾಯಿ. ಮೊದಲಿನದರಿಂದ ಎರಡನೆಯದನ್ನು ಕಳೆದ 95,000 ರೂಪಾಯಿ ನಿಮ್ಮ ತೆರಿಗೆ, ಶೇ 4ರ ಸೆಸ್ ಸೇರಿ 98,800. ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ಹಣ ಪಡೆದಿದ್ದರೂ ಇದೇ ಲೆಕ್ಕ.

ವೇತನ ಬಟವಾಡೆ ಅಧಿಕಾರಿಗಳು ವೇತನವನ್ನಷ್ಟೇ ನೋಡಿ ಕಡಿತ ಮಾಡಿದ್ದರೆ 74,100 ರೂಪಾಯಿ ಜಮೆಯಾಗಿರುತ್ತದೆ. ಬಾಕಿ 24,700 ರೂಪಾಯಿ ನಿಮ್ಮ ಹೊಣೆ. ಅದು 10,000 ಮೀರಿರುವುದರಿಂದ ಮುಂಗಡ ತೆರಿಗೆಯಾಗಿ ಕಟ್ಟಬೇಕಾದದ್ದು, ಕಟ್ಟದಿದ್ದರೆ ಬಡ್ಡಿ ಸೇರುತ್ತದೆ. ಕೃಷಿ ಆದಾಯ 5,000 ರೂಪಾಯಿ ಮೀರಿದವರಿಗೆ ಐಟಿಆರ್-1 ನಮೂನೆ ನಡೆಯುವುದಿಲ್ಲ. ನೀವು ಐಟಿಆರ್-2ರಲ್ಲಿ ವಿವರ ಸಲ್ಲಿಸಿ, ಪಹಣಿಯನ್ನೂ ಭತ್ತ ಮಾರಿದ ಪಟ್ಟಿಗಳನ್ನೂ ಗೊಬ್ಬರ, ಕೂಲಿಯ ಖರ್ಚಿನ ರಸೀದಿಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.